ಚಿತ್ರ ಚಲಿಸಲಿ, ಗ್ರಾಹಕ ಕಾಯದಿರಲಿ

ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೊಡುವುದನ್ನು ಕಣ್ಣಾರೆ ಕಂಡವರು ಅದನ್ನು ಸುಲಭವಾಗಿ ಮರೆಯಲಾರರು. ಲೇತ್‌ನಲ್ಲಿ ಗಿರಗಿರನೆ ತಿರುಗುವ ಮರದ ತುಂಡಿಗೆ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಕಾವಿಗೆ ಅರಗು ಕರಗಿ, ನೋಡನೋಡುತ್ತಿದ್ದಂತೆ ಮರ ಬಣ್ಣ ತಳೆಯುತ್ತದೆ. ಪುಟಗಟ್ಟಲೆ ವಿವರಣೆ ಹೇಳಲಾರದ್ದನ್ನು ಹತ್ತು ಸೆಕೆಂಡುಗಳ ಚಲಿಸುವ ದೃಶ್ಯ ಹೇಳಬಲ್ಲುದು. ವಿಪರ್ಯಾಸವೆಂದರೆ, ಸಣ್ಣ ವ್ಯಾಪಾರಿಗಳು ತಮ್ಮ ಜಾಲತಾಣಗಳನ್ನು ನವೀಕರಿಸುವಾಗ ಇಂಥದನ್ನು ಬಿಟ್ಟು ಉಳಿದೆಲ್ಲವನ್ನೂ ಚಲಿಸುವಂತೆ ಮಾಡಿಸುತ್ತಿದ್ದಾರೆ.

ಪರಿಚಿತ ಜವಳಿ ವ್ಯಾಪಾರಿಯೊಬ್ಬರ ಅನುಭವ ಇದಕ್ಕೆ ನಿದರ್ಶನ. ಅವರ ಹೊಸ ಜಾಲತಾಣ ತೆರೆದೊಡನೆ ಗಾಳಿಗೆ ಹಾರುವ ಸೆರಗಿನ ದೊಡ್ಡ ವಿಡಿಯೊ. ಅದರ ಕೆಳಗೆ ತಾವಾಗಿಯೇ ಸರಿಯುವ ಐದಾರು ಚಿತ್ರಗಳು. ಆ ಸೀರೆ ಅವರ ಅಂಗಡಿಯದಲ್ಲ, ಎಲ್ಲಿಂದಲೋ ಕೊಂಡು ತಂದ ದೃಶ್ಯ. ಅಂಗಡಿಯ ವಿಳಾಸ, ದೂರವಾಣಿ ಸಂಖ್ಯೆಗಳಿಗಾಗಿ ಪುಟದ ತಳದವರೆಗೂ ಹುಡುಕಬೇಕು. ‘ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ವಿಚಾರಿಸುವವರು ಮಾತ್ರ ಕಡಿಮೆಯಾದರು’ ಎಂಬುದು ಅವರ ಅಳಲು.

ಕಾರಣ ಊಹಿಸುವುದು ಕಷ್ಟವಲ್ಲ. 10 ಮೆಗಾಬೈಟ್ ಗಾತ್ರದ ವಿಡಿಯೊ, ಸೆಕೆಂಡಿಗೆ 4 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಪೂರ್ತಿ ಇಳಿಯಲು 20 ಸೆಕೆಂಡು ಬೇಕು. ಬಸ್ಸಿನಲ್ಲಿ ನಿಂತು ಮೊಬೈಲ್ ನೋಡುವ ಗ್ರಾಹಕನಿಗೆ ಅಷ್ಟು ತಾಳ್ಮೆ ಎಲ್ಲಿಯದು? 1987ರಲ್ಲಿ ಬಂದ ಜಿಫ್ ಮಾದರಿಯ ಚಿತ್ರಗಳನ್ನು ಇನ್ನೂ ಬಳಸುವವರಿದ್ದಾರೆ. ಒಂದು ಚೌಕಟ್ಟಿನಲ್ಲಿ 256 ಬಣ್ಣಗಳಿಗಷ್ಟೇ ಸೀಮಿತವಾದ ಅದರಲ್ಲಿ ಸೀರೆಯ ನಿಜವಾದ ಬಣ್ಣವೂ ಮೂಡದು. ಅದೇ ದೃಶ್ಯದ ವಿಡಿಯೊಗಿಂತ ಕಡತದ ಗಾತ್ರವೂ ಹೆಚ್ಚು.

ಚಲನೆಯ ಮೋಹ ಹೊಸತೇನಲ್ಲ. ಎರಡು ದಶಕಗಳ ಹಿಂದೆ ಫ್ಲ್ಯಾಶ್ ತಂತ್ರಜ್ಞಾನದಲ್ಲಿ ಇಡೀ ಜಾಲತಾಣವನ್ನೇ ಕುಣಿಸುವುದು ಪ್ರತಿಷ್ಠೆಯ ವಿಷಯವಾಗಿತ್ತು. 2007ರಲ್ಲಿ ಬಂದ ಐಫೋನ್ ಅದನ್ನು ಒಪ್ಪಿಕೊಳ್ಳಲೇ ಇಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯೇ ಅದರ ಬೆಂಬಲವನ್ನು ನಿಲ್ಲಿಸಿತು. ಅದನ್ನೇ ನೆಚ್ಚಿದ ಪುಟಗಳು ಬರಿದಾದವು. ಅಲಂಕಾರಕ್ಕೆ ಸುರಿದ ಹಣ ಅಲಂಕಾರದೊಡನೆಯೇ ಹೋಯಿತು.

ಇದು ಬರೀ ಹಣದ ಪ್ರಶ್ನೆಯೂ ಅಲ್ಲ. ತಾನಾಗಿ ಆರಂಭವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಇತರ ಬರಹದ ಜತೆ ಚಲಿಸುವ ಚಿತ್ರವನ್ನು ನಿಲ್ಲಿಸುವ ಅವಕಾಶ ನೋಡುಗನಿಗೆ ಇರಬೇಕು, ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಏನೂ ಮಿನುಗಬಾರದು ಎನ್ನುತ್ತವೆ ಜಾಗತಿಕ ಜಾಲ ಒಕ್ಕೂಟದ ಮಾರ್ಗಸೂಚಿಗಳು. ಅತಿ ಮಿನುಗು ಕೆಲವರಲ್ಲಿ ಮೂರ್ಛೆ ತರಿಸಬಲ್ಲುದು. ನಿಲ್ಲದ ಚಲನೆ ಓದುವವನ ಗಮನ ಕೆಡಿಸುತ್ತದೆ.

ಹಾಗೆಂದು ಚಲಿಸುವ ಚಿತ್ರವೇ ಬೇಡವೆನ್ನುವುದು ಅವಿವೇಕ. ಚಲನೆಯೇ ಮಾಹಿತಿಯಾಗುವಲ್ಲಿ ಅದು ಇರಲೇಬೇಕು. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕೈಚಳಕವನ್ನು ಸ್ಥಿರಚಿತ್ರ ಹೇಗೆ ತೋರಿಸೀತು? ಅದನ್ನು ಕೈಯಲ್ಲಿರುವ ಮೊಬೈಲ್‌ನಲ್ಲೇ ಚಿತ್ರೀಕರಿಸಬಹುದು. ಕಿರಿದಾಗಿರಲಿ, ಸದ್ದಿಲ್ಲದಿರಲಿ, ಗ್ರಾಹಕ ಒತ್ತಿದಾಗ ಮಾತ್ರ ಓಡಲಿ. ವಿಳಾಸ, ಬೆಲೆ, ದೂರವಾಣಿ ಸಂಖ್ಯೆ ಅದಕ್ಕಿಂತ ಮೊದಲು ಕಾಣಲಿ. ವಿನ್ಯಾಸಕಾರರು ಹೊಸ ದೃಶ್ಯವೊಂದನ್ನು ಸೂಚಿಸಿದಾಗ ವ್ಯಾಪಾರಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಇದನ್ನು ತೆಗೆದುಹಾಕಿದರೆ ಗ್ರಾಹಕನಿಗೆ ಏನು ತಿಳಿಯದೇ ಹೋಗುತ್ತದೆ?

ಅಗ್ಗದ ನಕಲೂ ಅಪ್ಪಟ ಕೈಕೆಲಸವೂ ಸ್ಥಿರಚಿತ್ರದಲ್ಲಿ ಒಂದೇ ಬಗೆಯಾಗಿ ಕಾಣಬಹುದು. ದುಡಿಯುವ ಕೈ ಮಾತ್ರ ನಕಲಿಗೆ ಇಲ್ಲ. ಸಣ್ಣ ವ್ಯಾಪಾರಿಯ ಬಳಿ ಇರುವ ದೊಡ್ಡ ಬಂಡವಾಳವೂ ಅದೇ. ಜಾಲತಾಣದಲ್ಲಿ ಚಲಿಸಬೇಕಾದದ್ದು ಆ ಕೈ.