ಗೆಟ್ಟವಾಡಿಯ ಹುಡುಗನಿಗೆ ಸಮಾಜ ವಿಜ್ಞಾನ ಯಾಕೆ ಕಷ್ಟ?

ನಮ್ಮ ಮನೆಗಳಲ್ಲಿ ಟ್ಯೂಷನ್ ಅಂದರೆ ಗಣಿತ, ಇಂಗ್ಲಿಷ್. ಸಮಾಜ ವಿಜ್ಞಾನ ಪರೀಕ್ಷೆಗೆ ಎರಡು ದಿನ ಇರುವಾಗ ಬಾಯಿಪಾಠ ಮಾಡುವ ಸಬ್ಜೆಕ್ಟ್. ಕಾಮರ್ಸ್ ಓದಿ ವ್ಯಾಪಾರಕ್ಕೆ ಇಳಿದ ನಾನೂ ಹಾಗೆಯೇ ಪಾಸಾದವ.

ವ್ಯಾಪಾರದ ಕೆಲಸಕ್ಕೆ ತಾಳವಾಡಿ ಬೆಟ್ಟದ ಗೆಟ್ಟವಾಡಿ ಕಡೆ ಹೋಗಿದ್ದೆ. ತಮಿಳುನಾಡಿನ ಈರೋಡ್ ಜಿಲ್ಲೆ, ಆದರೆ ಮಾತೆಲ್ಲ ಕನ್ನಡ. ಚಾಮರಾಜನಗರ ಹತ್ತಿರ. ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಮಾತ್ರ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಬೇಕು. ಹುಲಿ ಕಾಡು, 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ಚಹಾದ ಅಂಗಡಿಯಲ್ಲಿ ಸಿಕ್ಕಿದ ಹತ್ತನೇ ಕ್ಲಾಸಿನ ಹುಡುಗನ ಹತ್ತಿರ ಯಾವ ಸಬ್ಜೆಕ್ಟ್ ಕಷ್ಟ ಅಂತ ಕೇಳಿದೆ. "ಸಮಾಜಾನೇ ಅಣ್ಣ. ಅದ್ರಲ್ಲಿ ಬರೋ ಊರು ಒಂದೂ ನೋಡಿಲ್ಲ" ಅಂದ.

ನೋಡದೇ ಇರುವುದು ಅವನ ತಪ್ಪಲ್ಲ. 1956ರವರೆಗೆ ಕೊಳ್ಳೇಗಾಲವೂ ತಾಳವಾಡಿಯೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಆ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ನಮ್ಮ ಕಥೆಯೂ ಬೇರೆ ಅಲ್ಲ ಮಾರಾಯ್ರೆ. ಮದ್ರಾಸಿನಲ್ಲೇ ಇದ್ದ ದಕ್ಷಿಣ ಕನ್ನಡ ಅದೇ ದಿನ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ. ತಾಳವಾಡಿ ಹತ್ತಿರದ ಗಾಜನೂರು ರಾಜ್‌ಕುಮಾರರ ಊರು. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಲ್ಲಿಂದಲೇ ಅಪಹರಿಸಿದ. ಆ 108 ದಿನ ಬಿಟ್ಟರೆ ಈ ಬೆಟ್ಟ ನಮಗೂ ನೆನಪಾಗಲಿಲ್ಲ.

ತಮಿಳುನಾಡು 2006ರಲ್ಲಿ ತಮಿಳು ಕಲಿಕೆ ಕಡ್ಡಾಯದ ಕಾನೂನು ತಂದಿತು. ಒಂದನೇ ಕ್ಲಾಸಿನಿಂದ ಹಂತ ಹಂತವಾಗಿ ಬಂದು 2015-16ಕ್ಕೆ ಹತ್ತನೇ ಕ್ಲಾಸಿಗೆ ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋದರು. 2023ರಲ್ಲಿ ಸುಪ್ರೀಂ ಕೋರ್ಟ್ ವಿನಾಯಿತಿಯನ್ನು ಒಂದು ವರ್ಷ ಮುಂದುವರಿಸಿತು. ಒಂದೊಂದೇ ವರ್ಷದ ವಿನಾಯಿತಿ ನಂಬಿ ಮಗುವಿನ ಹತ್ತು ವರ್ಷದ ಓದು ನಿರ್ಧರಿಸುವುದು ಹೇಗೆ? ಕೇರಳದಲ್ಲಿ 2017ರ ಮಲಯಾಳ ಕಾನೂನು ಬಂದಾಗ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಇದೇ ಆತಂಕ. ರಾಜ್ಯದ ಭಾಷೆ ಕಲಿಯಬಾರದು ಅಂತ ನಾನು ಹೇಳುವುದಿಲ್ಲ. ಈರೋಡಿನಲ್ಲಿ ಕೆಲಸ ಬೇಕಾದರೆ ತಮಿಳು ಬೇಕೇ ಬೇಕು. ಓದಿದ ಭಾಷೆಯಲ್ಲೇ ಪರೀಕ್ಷೆ ಬರೆದು ಮುಂದೆ ಹೋಗುವ ದಾರಿಯೂ ತೆರೆದಿರಬೇಕು, ಅಷ್ಟೇ.

ಇಲ್ಲಿ ಪೌರನೀತಿಯ ಪಾಠ ಬೇಕಾಗುತ್ತದೆ. 1956ರ 7ನೇ ತಿದ್ದುಪಡಿಯಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯಕ್ಕೆ ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತದೆ ಅದು, ಪ್ರಾಥಮಿಕ ಹಂತಕ್ಕೆ ಮಾತ್ರ. ಗೆಟ್ಟವಾಡಿಯ ಹುಡುಗ ಹೈಸ್ಕೂಲ್ ಮೆಟ್ಟಿಲು ಹತ್ತಿದ ಕೂಡಲೇ ಆ ವಿಧಿ ಅವನ ಕೈ ಬಿಡುತ್ತದೆ. ಉಳಿಯುವುದು 29 ಮತ್ತು 30. ನಮ್ಮಲ್ಲಿ 30 ಅಂದರೆ ಮುಸ್ಲಿಂ ವಿದ್ಯಾಸಂಸ್ಥೆ ಅಂತಲೇ ತಿಳಿದವರು ಜಾಸ್ತಿ. ಓದಿ ನೋಡಿ, ಅದರಲ್ಲಿ ಧರ್ಮದ ಪಕ್ಕದಲ್ಲೇ ಭಾಷೆಯೂ ಇದೆ. ಕಾಸರಗೋಡಿನಲ್ಲಿ ಕನ್ನಡ ಶಾಲೆ ನಡೆಸುವ ನಮ್ಮವರಿಗೂ ಗೆಟ್ಟವಾಡಿಯ ರೈತರಿಗೂ ಆಧಾರ ಒಂದೇ ವಿಧಿ.

ನಮ್ಮ ಜಮಾಅತಿನ ಎಸೆಸೆಲ್ಸಿ ಕ್ಲಾಸಿನಲ್ಲಿ ಸಮಾಜಕ್ಕೆ ಸಿಗುವುದು ಕೊನೆಯ ಭಾನುವಾರದ ಒಂದು ಗಂಟೆ. ಅದನ್ನು ಪ್ರತೀ ವಾರ ಮಾಡಿ ಅಂತ ಮುಂದಿನ ಮೀಟಿಂಗಿನಲ್ಲಿ ಕೇಳುವವನಿದ್ದೇನೆ. ಗೋಡೆಗೆ ಹಾಕುವ ಭೂಪಟದ ಖರ್ಚು ನನ್ನದು.