ಬೆಳ್ಳಿಯಂತೆ ಹೊಳೆಯುವ ಸೈಲೆನ್ಸರ್

ಹಳೆಯ ಕಾರು ಕೊಳ್ಳಲು ಹೋದಾಗ ಬಾನೆಟ್ ಎತ್ತಿ ನೋಡುತ್ತೀರಿ, ಟಯರಿಗೆ ಒದ್ದು ನೋಡುತ್ತೀರಿ. ಎಂಜಿನ್ ತಣ್ಣಗಿರುವಾಗ ಒಮ್ಮೆ ಹಿಂದೆ ಕುಕ್ಕರುಗಾಲಲ್ಲಿ ಕೂತು ಸೈಲೆನ್ಸರನ್ನೂ ನೋಡಿ. ಹತ್ತು ವರ್ಷ ಓಡಿದ ಗಾಡಿಯ ಸೈಲೆನ್ಸರ್ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಬೀಗದ ಕೈ ಗೊಂಚಲಿನಿಂದ ಮೆಲ್ಲಗೆ ತಟ್ಟಿ. ‘ಟಣ್’ ಎಂದರೆ ತಗಡು ಗಟ್ಟಿ. ‘ಡಬ್’ ಎಂದು ಮಂಕು ಸದ್ದು ಬಂದರೆ, ಬಣ್ಣದ ಹಿಂದೆ ಉಳಿದಿರುವುದು ಬಹುಪಾಲು ತುಕ್ಕು.

ಚಿತ್ರದುರ್ಗದಂಥ ಜಿಲ್ಲೆಯಲ್ಲಿ ತುಕ್ಕು ಎಲ್ಲಿಂದ ಬಂತು ಎಂದು ಕೇಳಬಹುದು. ಮಳೆ ಕಡಿಮೆ, ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಕಾಣಲು 2022ರವರೆಗೆ ಕಾಯಬೇಕಾಯಿತು. ಮಂಗಳೂರಿನ ಉಪ್ಪು ಗಾಳಿಯೂ ಇಲ್ಲಿಲ್ಲ. ಆದರೆ ಸೈಲೆನ್ಸರಿಗೆ ಬೇಕಾದ ನೀರನ್ನು ಎಂಜಿನ್ನೇ ಒದಗಿಸುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ದುರ್ಗದಿಂದ ಹೊಸದುರ್ಗಕ್ಕೆ ಒಂದೇ ಓಟದಲ್ಲಿ ಹೋದರೆ ಸೈಲೆನ್ಸರ್ ಚೆನ್ನಾಗಿ ಕಾದು ಆವಿಯೆಲ್ಲ ಆಚೆ ಹೋಗುತ್ತದೆ. ಮನೆಯಿಂದ ಮಾರುಕಟ್ಟೆ, ಮಾರುಕಟ್ಟೆಯಿಂದ ಮನೆ ಎಂದು ಎರಡೇ ಕಿಲೋಮೀಟರ್ ಓಡಿಸಿದರೆ ಆವಿ ಒಳಗೇ ತಣಿದು ನಿಲ್ಲುತ್ತದೆ. ಅದರಲ್ಲಿ ಹೊಗೆಯ ಆಮ್ಲವೂ ಬೆರೆತಿರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಇಂಧನದಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮೀರುವಂತಿಲ್ಲವಾದ್ದರಿಂದ ಆ ಕಾಟ ತಗ್ಗಿದೆ, ನೀರಿನ ಕಾಟ ತಗ್ಗಿಲ್ಲ. ಅಂತೂ ಸೈಲೆನ್ಸರ್ ಕೊಳೆಯುವುದು ಹೆಚ್ಚಾಗಿ ಒಳಗಿನಿಂದ. ನಾವು ಬಣ್ಣ ಬಳಿಯುವುದು ಹೊರಗಡೆ!

ಹಾಗಾದರೆ ಬಣ್ಣ ದಂಡವೇ? ಅಲ್ಲ. ಕಲ್ಲು ಸಿಡಿದು ಗೀರಾದ ಕಡೆ, ಬೆಸುಗೆಯ ಅಂಚಿನಲ್ಲಿ, ಎರೆ ಹೊಲದ ದಾರಿಯ ಮಣ್ಣು ಮೆತ್ತಿಕೊಂಡು ತೇವ ಹಿಡಿದಿಟ್ಟ ಕಡೆ ಹೊರಗಿನಿಂದಲೂ ತುಕ್ಕು ತಿನ್ನುತ್ತದೆ. ಅದನ್ನು ತಡೆಯಲು ಬಣ್ಣ ಬೇಕು. ಸ್ಟೇನ್‌ಲೆಸ್ ಸ್ಟೀಲಿನ ಸೈಲೆನ್ಸರ್ ಇದ್ದರೆ ಮಾತ್ರ ಸುಮ್ಮನಿರಿ. ಅದು ಕಂದು ಬಣ್ಣಕ್ಕೆ ತಿರುಗಿದರೂ ಗಾಬರಿ ಬೇಡ.

ಗೇಟಿಗೆ ಬಳಿದು ಉಳಿದ ಎನಾಮಲ್ ಇಲ್ಲಿ ನಡೆಯದು. ಕಾದೊಡನೆ ಹಪ್ಪಳದ ಹಾಗೆ ಏಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಹೀಟ್ ರೆಸಿಸ್ಟೆಂಟ್ ಅಲ್ಯುಮಿನಿಯಂ ಪೇಂಟ್’ ಎಂದು ಕೇಳಿ, ಡಬ್ಬಿಯ ಮೇಲೆ 600 ಡಿಗ್ರಿ ಎಂದಿರುವುದನ್ನೇ ಕೊಳ್ಳಿ. ಇದರಲ್ಲಿ ಸಿಲಿಕೋನ್ ಅಂಟು, ಅಲ್ಯುಮಿನಿಯಂ ಪುಡಿ ಇರುತ್ತವೆ. ಕೆಲಸ ಜಾಸ್ತಿ ಇರುವುದು ಬಳಿಯುವ ಮುಂಚೆ. ಸಡಿಲ ತುಕ್ಕೆಲ್ಲ ಹೋಗಿ ಲೋಹ ಕಾಣುವವರೆಗೆ ತಂತಿ ಬ್ರಷ್, ಎಮರಿ ಕಾಗದದಿಂದ ಉಜ್ಜಿ. ಥಿನ್ನರ್ ಬಟ್ಟೆಯಲ್ಲಿ ಜಿಡ್ಡು ಒರೆಸಿ. ಕೆಳಗೆ ರೆಡ್ ಆಕ್ಸೈಡ್ ಹಚ್ಚಬೇಡಿ. ಅದು ಸುಟ್ಟು ಉದುರುವಾಗ ಮೇಲಿನದನ್ನೂ ಕರೆದೊಯ್ಯುತ್ತದೆ. ತೆಳ್ಳಗೆ ಎರಡು ಕೋಟ್ ಸಾಕು. ಆಕ್ಸಿಜನ್ ಸೆನ್ಸರಿಗೂ ರಬ್ಬರಿಗೂ ಬಣ್ಣ ತಾಗದಿರಲಿ. ಕೆಲವು ಸೈಲೆನ್ಸರುಗಳ ತಳದಲ್ಲಿ ಗುಂಡುಸೂಜಿ ತಲೆಯಷ್ಟು ತೂತಿರುತ್ತದೆ. ಅದು ಒಳಗಿನ ನೀರು ಇಳಿಯಲು ಕಂಪನಿಯವರೇ ಬಿಟ್ಟದ್ದು. ಲೀಕ್ ಎಂದುಕೊಂಡು ಮುಚ್ಚಿಬಿಟ್ಟರೆ ಹೋಯಿತು. ಇನ್ನು, ಬರೀ ಜಾಕಿನ ಭರವಸೆಯಲ್ಲಿ ಕಾರಿನ ಅಡಿಗೆ ಯಾರೂ ನುಸುಳಬಾರದು.

ಬಣ್ಣ ಒಣಗಿತೆಂದರೆ ಮುಗಿಯಲಿಲ್ಲ. ಸುಮಾರು 200 ಡಿಗ್ರಿ ಬಿಸಿಗೆ ಸ್ವಲ್ಪ ಹೊತ್ತು ಕಾದರೆ ಮಾತ್ರ ಸಿಲಿಕೋನ್ ಗಟ್ಟಿಯಾಗುವುದು. ಬಯಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಎಂಜಿನ್ ಓಡಿಸಿ, ಆರಲು ಬಿಡಿ, ಮತ್ತೆ ಇಪ್ಪತ್ತು ನಿಮಿಷ. ಆಮೇಲೆ ಹಿರಿಯೂರಿನವರೆಗೆ ಹೆದ್ದಾರಿಯಲ್ಲಿ 40 ಕಿಲೋಮೀಟರ್ ಹೋಗಿ ಬನ್ನಿ. ಊರೊಳಗೇ ಮೂರು ಸುತ್ತು ಹೊಡೆದರೆ ಹಿಂಬದಿ ಡಬ್ಬ ಅಷ್ಟು ಕಾಯುವುದಿಲ್ಲ. ಮೊದಲ ಸಲ ಹೊಗೆ, ವಾಸನೆ ಬರುವುದು ಸಹಜ.

ಈ ಬಣ್ಣ ಶಾಖ ತಡೆದುಕೊಳ್ಳುತ್ತದೆ, ಕಡಿಮೆ ಮಾಡುವುದಿಲ್ಲ. ಸುಗ್ಗಿಯಲ್ಲಿ ಹೊಳಲ್ಕೆರೆ, ಹೊಸದುರ್ಗದ ಒಳದಾರಿಗಳಲ್ಲಿ ರಾಗಿ, ಹುರುಳಿ ಹರವಿರುತ್ತಾರೆ. ಒಣ ಹುರುಳಿಬಳ್ಳಿ ಚಕ್ರಕ್ಕೆ ಸುತ್ತಿ ಬಿಸಿ ಕೊಳವೆಗೆ ತಾಗಿದರೆ ಬೆಂಕಿ ಹತ್ತುತ್ತದೆ. ರಸ್ತೆಯ ಹುರುಳಿಯಿಂದ ಕಾರು ಸುಟ್ಟ ಸುದ್ದಿ ನಮ್ಮ ರಾಜ್ಯದಲ್ಲಿ ಹೊಸದಲ್ಲ. ಕಣ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಬಿಡಿಸಿ ಹೊರಡಿ.

ತೂತು ಬಿದ್ದ ಸೈಲೆನ್ಸರಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆಯುವವರೂ ಇದ್ದಾರೆ. ಪುಟ್ಟಿ ಬಿರುಕು ಬಿಟ್ಟು ಹೊಗೆ ಕಾರಿನೊಳಕ್ಕೆ ಬಂದರೆ ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜು ಏರಿಸಿ ಎ.ಸಿ. ಹಾಕಿಕೊಂಡು ಮಲಗಿದವರು ಏಳದೇ ಹೋಗಬಹುದು. ತೂತು ಕಂಡರೆ ಬಣ್ಣದ ಡಬ್ಬಿ ಬದಿಗಿಟ್ಟು ವೆಲ್ಡಿಂಗ್ ಅಂಗಡಿಗೆ ಹೋಗಿ. ತಗಡು ಪೂರಾ ಸವೆದಿದ್ದರೆ ವೆಲ್ಡರೇ ಹೇಳುತ್ತಾರೆ: “ಇದು ನಿಲ್ಲಲ್ಲ ಸಾರ್, ಬೇರೆ ಹಾಕಿಸಿಬಿಡಿ.”