ಶ್ರುತಿ ಏರಿದ ಪೆಟ್ಟಿಗೆ

ಉಪಕಾರ ಮಾಡುವೆನೆಂದು ಬಂದವರಿಂದ ಆಗುವ ಅಪಕಾರವನ್ನು ಯಾರಲ್ಲಿ ದೂರಿಕೊಳ್ಳುವುದು? ಬಂಧುಗಳಾರೋ ಬಂದು ನಮ್ಮ ಓದುವ ಕೋಣೆಯನ್ನು ಒಪ್ಪವಾಗಿ ಜೋಡಿಸಿ ಹೋದ ಮೇಲೆ, ಕನ್ನಡಕ ಸಿಕ್ಕದೆ ಮೂರು ದಿನ ಪರದಾಡಿದ ಅನುಭವ ವಾಚಕರಲ್ಲಿ ಹಲವರಿಗೆ ಇದ್ದೇ ಇರುತ್ತದೆ. ಕಳೆದ ತಿಂಗಳು ನನ್ನ ಗಣಕಯಂತ್ರ ನನಗೆ ಇಂಥದೇ ಒಂದು ಉಪಕಾರವನ್ನು ಮಾಡಿತು. ಗುರುವಾರ ರಾತ್ರಿ ಮನೆಮಂದಿಯೆಲ್ಲ ಮಲಗಿದ್ದಾಗ ಅದು ತನ್ನ ತಂತ್ರಾಂಶವನ್ನು ತಾನೇ ನವೀಕರಿಸಿಕೊಂಡಿತು. ಶುಕ್ರವಾರ ಬೆಳಗಾಗುವ ವೇಳೆಗೆ ಅದಕ್ಕೆ ಕಿವಿ ಕೇಳದಂತಾಗಿತ್ತು.

ಕನ್ನಡ ಪಾಠ ಹೇಳುವ ಅಧ್ಯಾಪಕನಿಗೆ ಗಣಕದ ಕಿವಿಯ ಗೊಡವೆ ಏಕೆಂದು ಕೇಳುವಿರೇನೋ. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪನವರು. ಅವರಿಗೆ ಈಗ 79 ವರ್ಷ. ಶಿವಮೊಗ್ಗ ಜಿಲ್ಲೆಯವರು. ಗಮಕಕ್ಕೆ ಹೆಸರಾದ ಹೊಸಹಳ್ಳಿ, ಮತ್ತೂರುಗಳ ಸೀಮೆ ಅದು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದನ್ನು ನೀವು ಓದಿರಬಹುದು. ನಮ್ಮ ದೊಡ್ಡಪ್ಪನವರಿಗೆ ಪ್ರಶಸ್ತಿಗಳಾವುವೂ ಬಂದಿಲ್ಲ. ಆದರೆ ಅರುವತ್ತು ವರ್ಷಗಳಿಂದ ಅವರು ಕುಮಾರವ್ಯಾಸನನ್ನು ಓದುತ್ತಿದ್ದಾರೆ. ಆ ಓದನ್ನು ಅವರ ಬಳಿ ಕುಳಿತು ಕಲಿತವರು ನಮ್ಮ ಮನೆತನದಲ್ಲಿ ಒಬ್ಬರೂ ಇಲ್ಲ. ನಾನೂ ಕಲಿಯಲಿಲ್ಲ. ಎಂ.ಎ. ಪರೀಕ್ಷೆಗಾಗಿ ಭಾಮಿನಿ ಷಟ್ಪದಿಯ ಮಾತ್ರೆಗಳನ್ನು ಎಣಿಸುವುದನ್ನು ಕಲಿತೆನೇ ಹೊರತು ಓದುವುದನ್ನು ಕಲಿಯಲಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದ ಅವರು ಅರೆಕೆರೆಯ ನಮ್ಮ ಮನೆಯಲ್ಲಿ ಎರಡು ವಾರ ಉಳಿದಿದ್ದರು. ಭಾನುವಾರ ರಾತ್ರಿಯ ರೈಲಿಗೆ ಅವರ ಪ್ರಯಾಣ ಗೊತ್ತಾಗಿತ್ತು. ಅಷ್ಟರೊಳಗೆ ಕರ್ಣಭೇದನದ ಪ್ರಸಂಗವನ್ನು ಅವರ ಕಂಠದಲ್ಲಿ ಹಿಡಿದಿಡಬೇಕೆಂಬುದು ನನ್ನ ಆಸೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒಬ್ಬ ಅಧ್ಯಾಪಕರು ಮನೆಯಿಂದ ಊರಿಗೆಲ್ಲ ಕೇಳಿಸಿದರು. ನಾನು ಒಬ್ಬರ ಧ್ವನಿಯನ್ನು ಮನೆಯೊಳಗೆ ಉಳಿಸಿಕೊಳ್ಳಲಾರೆನೆ ಎಂಬ ಹುಮ್ಮಸ್ಸಿನಿಂದ ಒಂದು ಮೈಕನ್ನೂ ಒಂದು ಆಡಿಯೋ ಇಂಟರ್‌ಫೇಸನ್ನೂ ಕೊಂಡು ತಂದಿದ್ದೆ. ಸೋಮವಾರದಿಂದ ಗುರುವಾರದವರೆಗೆ ಮುಕ್ಕಾಲು ಭಾಗ ಮುಗಿದಿತ್ತು.

ಈ ಆಡಿಯೋ ಇಂಟರ್‌ಫೇಸ್ ಎಂಬುದು ನೋಡಲು ಎರಡು ತಿರುಗುಗುಂಡಿಗಳುಳ್ಳ ಚಿಕ್ಕ ಪೆಟ್ಟಿಗೆ; ಕೆಲಸದಲ್ಲಿ ದುಭಾಷಿ. ಗಾಳಿಯಲ್ಲಿ ಅಲೆಯಾಗಿ ಬರುವ ಧ್ವನಿಯನ್ನು ಮೈಕು ವಿದ್ಯುತ್ತಿನ ಅಲೆಯನ್ನಾಗಿ ಮಾಡುತ್ತದೆ. ಗಣಕಕ್ಕೆ ಅಲೆಯ ಭಾಷೆ ತಿಳಿಯದು, ಅಂಕಿಗಳ ಭಾಷೆ ಮಾತ್ರ ತಿಳಿಯುತ್ತದೆ. ಅಲೆಯನ್ನು ಸೆಕೆಂಡಿಗೆ ಹಲವು ಸಾವಿರ ಸಲ ಅಳೆದು, ಅಂಕಿಗಳಾಗಿ ಬರೆದು ಗಣಕಕ್ಕೆ ಒಪ್ಪಿಸುವುದೂ, ಆ ಅಂಕಿಗಳನ್ನು ಮರಳಿ ಧ್ವನಿಯನ್ನಾಗಿ ಕೇಳಿಸುವುದೂ ಈ ಪೆಟ್ಟಿಗೆಯ ಕಾಯಕ. ಪೆಟ್ಟಿಗೆಗೂ ಗಣಕಕ್ಕೂ ನಡುವೆ ‘ಡ್ರೈವರ್’ ಎಂಬ ಇನ್ನೊಂದು ತಂತ್ರಾಂಶವಿದೆ. ಗಣಕವು ತನ್ನ ರೀತಿನೀತಿಗಳನ್ನು ಬದಲಿಸಿಕೊಂಡಾಗ ಈ ಡ್ರೈವರ್ ಹಳೆಯ ರೀತಿಯಲ್ಲಿಯೇ ಮಾತನಾಡಿದರೆ, ಇಬ್ಬರಿಗೂ ಅರ್ಥವಾಗುವುದಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದ ಜ್ಞಾನ. ಶುಕ್ರವಾರ ಬೆಳಿಗ್ಗೆ ದೊಡ್ಡಪ್ಪನವರು ಸ್ನಾನ ಮುಗಿಸಿ, ಶಾಲು ಹೊದ್ದು ಮೈಕಿನ ಮುಂದೆ ಕುಳಿತು ಒಂದು ಪದ್ಯ ಓದಿದರು. ಗಣಕದ ಪರದೆಯ ಮೇಲೆ ಅಲೆ ಏಳಲಿಲ್ಲ. ನೇರವಾದ ಗೆರೆಯೊಂದು ಓಡುತ್ತಲೇ ಇತ್ತು. ಆ ಗೆರೆಯನ್ನು ಕಂಡೊಡನೆ ನನ್ನ ವಿವೇಕ ಹಾರಿಹೋಯಿತು. ತಂತಿ ಬದಲಿಸಿದೆ, ಗುಂಡಿ ತಿರುಗಿಸಿದೆ, ಕಂಡ ಪಟ್ಟಿಯಲ್ಲೆಲ್ಲ ಗುರುತು ಹಾಕಿದೆ, ಧ್ವನಿಮುದ್ರಣದ ತಂತ್ರಾಂಶವನ್ನು ಕಿತ್ತುಹಾಕಿ ಮತ್ತೆ ಸ್ಥಾಪಿಸಿದೆ. ದೊಡ್ಡಪ್ಪನವರು ಅರ್ಧ ಗಂಟೆ ಕಾದು, “ಇವತ್ತು ಅದಕ್ಕೂ ಉಪವಾಸವೋ ಏನೋ, ಬಿಡು ಮಗು” ಎಂದು ಎದ್ದು ಹೋದರು.

ಮಧ್ಯಾಹ್ನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು, ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸು ಹಿಡಿದು, ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ತಮ್ಮ ಹಳೆಯ ಗಣಕಕ್ಕೆ ಜೋಡಿಸಿ, ಮೈಕಿನ ಮುಂದೆ ಚಿಟಿಕೆ ಹೊಡೆದರು. ಪರದೆಯ ಮೇಲೆ ಅಲೆ ಎದ್ದಿತು!

“ಪೆಟ್ಟಿಗೆ ಚೆನ್ನಾಗಿದೆ ಸಾರ್. ಮನೆಯಲ್ಲಿ ಏನೇನು ಬದಲಾಯಿಸಿದ್ರಿ?”

“ಎಲ್ಲವನ್ನೂ” ಎಂದೆ.

“ಹಾಗಿದ್ರೆ ಯಾವುದು ತಪ್ಪಿತ್ತು ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಒಂದು ಸಲಕ್ಕೆ ಒಂದನ್ನೇ ಮುಟ್ಟಿ. ಮುಟ್ಟಿದ್ದನ್ನು ಬರೆದಿಟ್ಟುಕೊಳ್ಳಿ.”

ಹಣ ಕೊಡಹೋದರೆ ಆತ ತೆಗೆದುಕೊಳ್ಳಲಿಲ್ಲ. ವಿದ್ಯಾರ್ಥಿಗಳಿಗೆ ಸಂಶೋಧನ ಕ್ರಮವನ್ನು ಬೋಧಿಸಿ ಸಂಬಳ ಪಡೆಯುವ ನಾನು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಶನಿವಾರ ಬೆಳಿಗ್ಗೆ ಕಾಗದ, ಪೆನ್ಸಿಲು ಹಿಡಿದು ಧ್ವನಿ ನಡೆಯುವ ದಾರಿಯಲ್ಲಿಯೇ ನಡೆದೆ. ಮೊದಲು ಮೈಕು. ನಮ್ಮದು ಕಂಡೆನ್ಸರ್ ಜಾತಿಯದು. ಅದಕ್ಕೆ ಪೆಟ್ಟಿಗೆಯಿಂದ 48 ವೋಲ್ಟ್ ಹರಿಯಬೇಕು. ಆ ಗುಂಡಿ ಒತ್ತಿತ್ತು. ಎರಡನೆಯದು ಪೆಟ್ಟಿಗೆ. ಮಾತನಾಡಿದಾಗ ಅದರ ಹಸಿರು ದೀಪ ಮಿನುಗಿತು. ಎಂದರೆ, ಅಲ್ಲಿಯವರೆಗೆ ಧ್ವನಿ ಬರುತ್ತಿದೆ. ತೊಡಕು ಅದರಿಂದ ಮುಂದೆ. ಮೂರನೆಯದು ಯು.ಎಸ್.ಬಿ. ತಂತಿ. ನಡುವೆ ಇದ್ದ ಕವಲು ಪೆಟ್ಟಿಗೆಯನ್ನು ತೆಗೆದು ಗಣಕಕ್ಕೆ ನೇರವಾಗಿ ಚುಚ್ಚಿದೆ, ಗುಣ ಕಾಣಲಿಲ್ಲ. ನಾಲ್ಕನೆಯದು ಡ್ರೈವರ್. ಹಳೆಯದನ್ನು ತೆಗೆದು, ತಯಾರಕರ ತಾಣದಿಂದ ಹೊಸದನ್ನು ಇಳಿಸಿ ಸ್ಥಾಪಿಸಿದೆ. ಗಣಕವು ಪೆಟ್ಟಿಗೆಯ ಹೆಸರನ್ನು ಗುರುತಿಸಿತು. ಆದರೂ ಗೆರೆ ಏಳಲಿಲ್ಲ. ಐದನೆಯದು ಅನುಮತಿ. ಯಾವ ತಂತ್ರಾಂಶ ಮೈಕನ್ನು ಕೇಳಬಹುದು, ಯಾವುದು ಕೇಳಬಾರದು ಎಂದು ತೀರ್ಮಾನಿಸುವ ಕಾವಲುಗಾರನೊಬ್ಬ ಇಂದಿನ ಗಣಕಗಳಲ್ಲಿರುತ್ತಾನೆ. ಕದ್ದು ಕೇಳುವವರಿಂದ ನಮ್ಮನ್ನು ಕಾಪಾಡುವ ಒಳ್ಳೆಯ ಏರ್ಪಾಡೇ ಅದು. ನವೀಕರಣದ ಗಡಿಬಿಡಿಯಲ್ಲಿ ಆ ಕಾವಲುಗಾರ ನನ್ನ ಧ್ವನಿಮುದ್ರಣದ ತಂತ್ರಾಂಶವನ್ನೂ ಬಾಗಿಲ ಹೊರಗೆ ನಿಲ್ಲಿಸಿದ್ದ! ಅನುಮತಿ ಕೊಟ್ಟೊಡನೆ ಪರದೆಯ ಮೇಲೆ ಅಲೆ ಪುಟಿದೆದ್ದಿತು.

ವಿಜಯೋತ್ಸಾಹದಿಂದ ಮನೆಯವರನ್ನೆಲ್ಲ ಕರೆದು ಸೋಮವಾರದ ವಾಚನವನ್ನು ಹಾಕಿ ಕೇಳಿಸಿದೆ. “ದೊಡ್ಡಮಾವನವರ ಕಂಠ ಎಷ್ಟು ಲವಲವಿಕೆಯಿಂದಿದೆ!” ಎಂದಳು ನನ್ನಾಕೆ. ನನಗೂ ಹಾಗೆಯೇ ಅನ್ನಿಸಿತು. ಸೋಮವಾರ ಎದುರಿಗೆ ಕುಳಿತು ಕೇಳಿದ್ದಕ್ಕಿಂತ ಇದು ಚುರುಕಾಗಿ, ತಿಳಿಯಾಗಿ, ಹತ್ತು ವರ್ಷ ಚಿಕ್ಕವರ ಧ್ವನಿಯಂತೆ ಕೇಳಿಸುತ್ತಿತ್ತು.

ದೊಡ್ಡಪ್ಪನವರು ಮಾತ್ರ ತಲೆದೂಗಲಿಲ್ಲ. ನನ್ನ ಮಗಳನ್ನು ಕರೆದು, “ನನ್ನ ಚೀಲದಿಂದ ಶ್ರುತಿಪೆಟ್ಟಿಗೆ ತಾ ಪುಟ್ಟಿ” ಎಂದರು. ಅದನ್ನು ಚಾಲೂ ಮಾಡಿ ಗಣಕದ ಪಕ್ಕದಲ್ಲಿಟ್ಟರು. ಸೋಮವಾರದ ವಾಚನದ ಹಿಂದೆ ಮಿಡಿಯುತ್ತಿದ್ದುದೂ ಅದೇ ಶ್ರುತಿಪೆಟ್ಟಿಗೆಯೇ. ಆದರೆ ಈಗ ಎರಡೂ ಒಂದಕ್ಕೊಂದು ಹೊಂದದೆ ಕಿವಿಯನ್ನು ಕೊರೆಯತೊಡಗಿದುವು.

“ಕಂಠ ನನ್ನದೇ ಕಣೋ, ಶ್ರುತಿ ನನ್ನದಲ್ಲ. ಎಲ್ಲೋ ಏರಿದೆ, ನೋಡು.”

ನೋಡಿದೆ. ನಾನು ಮುದ್ರಿಸಿದ್ದುದು ಸೆಕೆಂಡಿಗೆ 44,100 ಅಳತೆಗಳ ಲೆಕ್ಕದಲ್ಲಿ, ಸಿ.ಡಿ.ಗಳಿಗೆ ಗೊತ್ತುಪಡಿಸಿದ ಲೆಕ್ಕ ಅದು. ನವೀಕರಣವಾದ ಮೇಲೆ ಪೆಟ್ಟಿಗೆಯು 48,000ಕ್ಕೆ ಹೋಗಿ ನಿಂತಿತ್ತು; ಇದು ಚಲನಚಿತ್ರ, ವಿಡಿಯೋಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಸಾಮಾನ್ಯವಾಗಿ ಗಣಕವೇ ನಡುವೆ ನಿಂತು ಇಂಥ ವ್ಯತ್ಯಾಸವನ್ನು ಸರಿತೂಗಿಸುತ್ತದೆ. ತಂತ್ರಾಂಶವೂ ಡ್ರೈವರೂ ನೇರವಾಗಿ ವ್ಯವಹರಿಸುವಾಗ ಆ ಮಧ್ಯಸ್ಥಿಕೆ ತಪ್ಪಿಹೋಗುವುದುಂಟು. ಆಗ ಒಂದು ಸೆಕೆಂಡಿನಲ್ಲಿ 44,100 ಕಾಳು ಸುರಿಯಬೇಕಾದ ಚೀಲದಿಂದ 48,000 ಕಾಳು ಸುರಿಯುತ್ತವೆ. ಒಂದು ಗಂಟೆಯ ವಾಚನ ಸುಮಾರು 55 ನಿಮಿಷಗಳಲ್ಲಿಯೇ ಮುಗಿಯುತ್ತದೆ. ಶ್ರುತಿಯೂ ಅದರೊಡನೆ ಏರುತ್ತದೆ. ಹಾರ್ಮೋನಿಯಂನ ಬಿಳಿ, ಕರಿ ಮನೆಗಳನ್ನು ಬಿಡದೆ ಎಣಿಸಿದರೆ ಸುಮಾರು ಒಂದೂವರೆ ಮನೆಯಷ್ಟು. ಗಣಕದ ಪರದೆಯಾಗಲಿ, ಹಸಿರು ದೀಪವಾಗಲಿ ನನಗೆ ಇದನ್ನು ತಿಳಿಸಿರಲಿಲ್ಲ.

ಪೆಟ್ಟಿಗೆಯ ಲೆಕ್ಕವನ್ನೂ ತಂತ್ರಾಂಶದ ಲೆಕ್ಕವನ್ನೂ 44,100ಕ್ಕೆ ತಂದು ಮತ್ತೆ ಕೇಳಿಸಿದೆ. ಶ್ರುತಿ ಕೂಡಿತು. ಆದರೆ ಆ ಲವಲವಿಕೆ ಇಳಿದುಹೋಗಿತ್ತು. ಸಾಲಿನ ನಡುವೆ ಉಸಿರು ಸಾಲದೆ ಅವರು ನಿಂತ ಕಡೆಗಳು ಈಗ ಸ್ಪಷ್ಟವಾಗಿ ಕೇಳಿಸಿದುವು. ನನ್ನ ಮೋರೆಯನ್ನು ನೋಡಿಯೇ ಅವರಿಗೆ ಅರ್ಥವಾಗಿರಬೇಕು.

“ಅದೇ ಚೆನ್ನಾಗಿತ್ತು ಅನ್ನಿಸಿತೇನೋ?”

ನಾನು ಸುಳ್ಳು ಹೇಳಲಿಲ್ಲ.

“ಈಗ ನನ್ನಲ್ಲಿ ಉಳಿದಿರುವ ಉಸಿರು ಇಷ್ಟೇ. ನೀನು ಹಿಡಿದಿಡುವುದಾದರೆ ಇದನ್ನೇ ಹಿಡಿದಿಡು” ಎಂದು ಅವರು ಶಾಲು ಸರಿಪಡಿಸಿಕೊಂಡು ಮೈಕಿನ ಮುಂದೆ ಕುಳಿತರು. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಕರ್ಣಭೇದನ ಮುಗಿಯಿತು.

ಇಂಥ ಪೆಟ್ಟಿಗೆ ಇಟ್ಟುಕೊಂಡಿರುವವರಿಗೆ ನಾನು ಪಟ್ಟ ಪಾಡಿನಿಂದ ಹೇಳುವುದಿಷ್ಟು. ಮುಖ್ಯವಾದ ಕೆಲಸ ನಡೆಯುತ್ತಿರುವಾಗ ನವೀಕರಣವನ್ನು ಮುಂದೂಡಿ. ಮುಗಿದ ಮೇಲೆ ಮರೆಯದೆ ಮಾಡಿ, ಏಕೆಂದರೆ ಭದ್ರತೆಯ ರಿಪೇರಿಗಳೂ ಅದರಲ್ಲಿಯೇ ಬರುತ್ತವೆ. ಮಾಡುವ ಮೊದಲು ಪೆಟ್ಟಿಗೆಯ ಲೆಕ್ಕಗಳನ್ನು ಕಾಗದದ ಮೇಲೆ ಬರೆದಿಡಿ. ಮುದ್ರಿಸಿದ್ದರ ಪ್ರತಿಯೊಂದನ್ನು ಬೇರೆ ಕಡೆ ಇಡಿ. ಎಲ್ಲವೂ ಸರಿಹೋಯಿತೆಂದು ಕಂಡ ಮೇಲೂ, ಆ ಧ್ವನಿಯನ್ನು ಬಲ್ಲ ಒಬ್ಬರಿಗೆ ಒಮ್ಮೆ ಕೇಳಿಸಿ.

ರೈಲು ಹೊರಡುವ ಮುನ್ನ ದೊಡ್ಡಪ್ಪನವರು ಕಿಟಕಿಯಿಂದ, “ಮುಂದಿನ ಸಲ ನಾನು ಬರುವುದರೊಳಗೆ ಮೊದಲ ಹತ್ತು ಪದ್ಯ ನೀನು ಓದಿ ಮುದ್ರಿಸಿಡು. ನಾನು ಕೇಳುತ್ತೇನೆ” ಎಂದರು. ‘44,100’ ಎಂದು ಬರೆದ ಚೀಟಿ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಟಿಕೊಂಡಿದೆ. ರಾತ್ರಿ ಮಗಳು ಮಲಗಿದ ಮೇಲೆ ಬಾಗಿಲು ಮುಚ್ಚಿಕೊಂಡು ಕುಳಿತುಕೊಳ್ಳುತ್ತೇನೆ. ಇಲ್ಲಿಯವರೆಗೆ ಮೂರು ಪದ್ಯಗಳಾಗಿವೆ.